ಎಂಜಲೆಂದುಕೊಂಡ ಹನಿ

ಮರ್ಫಿ ಟೌನ್, ಬೆಂಗಳೂರು
ಬುಧವಾರ, ೧೨ ಮಾರ್ಚ್ ೨೦೨೫

ಮಗಳೇ ಪ್ರತಿಭಾ,

ನಿನಗೂ ನಿನ್ನ ಮಗ್ಗುಲಲ್ಲಿ ಮಲಗಿರುವ ಕೂಸಿಗೂ ಅವ್ವನ ಮುದ್ದು. ನಿನ್ನ ಅತ್ತೆಯವರಿಗೆ ನನ್ನ ನಮಸ್ಕಾರ ಹೇಳು. ಆದರೆ ಈ ಕಾಗದವನ್ನು ಅವರ ಮುಂದೆ ಬಿಚ್ಚಬೇಡ. ಕೂಸು ಮಲಗಿದ ಹೊತ್ತು ನೋಡಿ ಒಬ್ಬಳೇ ಕೂತು ಓದು. ಊಟಕ್ಕೆ ಮುಂಚೆಯೂ ಓದಬೇಡ. ಇದರಲ್ಲಿ ಬರುವುದೆಲ್ಲ ವಾಂತಿ, ಭೇದಿ ಮತ್ತು ನಿನ್ನ ಅವ್ವನ ಹೊಲಸುತನ.

ಈ ಕಥೆಯನ್ನು ನಿನಗೆ ಮೊದಲು ಹೇಳಿದವಳು ನಿನ್ನ ಅತ್ತಿಗೆ ರೇವತಿ. ಶಿವರಾತ್ರಿಯ ಮರುದಿನ ಬೆಳಿಗ್ಗೆ, ನಮ್ಮ ವಠಾರದ ನಲ್ಲಿಯ ಹತ್ತಿರ ನಿಂತು, ಫೋನಿನಲ್ಲಿ ಹೇಳಿದಳು. ನಾನು ಅಲ್ಲೇ ಪಾತ್ರೆ ತಿಕ್ಕುತ್ತಿದ್ದೆ. "ಮೂರು ಸಲ ಹನಿ ಹಾಕ್ಸೀವಿ ಪ್ರತಿಭಾ, ಕಾರ್ಡಿನ್ಯಾಗ ಬರದಾರ. ಆದ್ರೂ ನಮ್ಮ ದತ್ತು ಸಾಯೋ ಹಂಗಾಗಿ ಬಂದಾನ. ಆ ಭೇದಿ ಹನಿ ಬರೇ ನೀರು. ನೀ ಹಾಕ್ಸಿ ಏನ್ ಮಾಡ್ತಿ?" ಎಂದಳು. ಅವಳು ಸುಳ್ಳು ಹೇಳಲಿಲ್ಲ. ತನಗೆ ಗೊತ್ತಿದ್ದಷ್ಟನ್ನು ಹೇಳಿದಳು. ಗೊತ್ತಿಲ್ಲದ ಅರ್ಧ ನನ್ನ ಹತ್ತಿರ ಇತ್ತು. ನಾನು ಪಾತ್ರೆ ತಿಕ್ಕುತ್ತಲೇ ಇದ್ದೆ.

ಮೊನ್ನೆ ಭಾನುವಾರ ನೀನು ಫೋನ್ ಮಾಡಿದೆಯಲ್ಲ, ಇಪ್ಪತ್ತೇಳನೇ ತಾರೀಖು ಗುರುವಾರ ಕೂಸಿನ ಮೊದಲ ಲಸಿಕೆ, ಸೂಜಿ ಹಾಕಿಸುತ್ತೇನೆ, ಭೇದಿಯ ಹನಿ ಮಾತ್ರ ಬೇಡ ಅನ್ನುತ್ತೇನೆ ಎಂದೆ. ನಾನು ಹಾಕಿಸು ಎಂದೆ. "ಯಾಕವ್ವ?" ಎಂದೆ ನೀನು. "ಹಾಕ್ಸು ಅಂದ್ರ ಹಾಕ್ಸು" ಎಂದೆ ನಾನು. "ಅತ್ತಿಗಿ ಬ್ಯಾಡಂತಾಳ, ನೀ ಹಾಕ್ಸು ಅಂತಿ. ಆಸ್ಪತ್ರ್ಯಾಗ ನಾಕು ದಿನ ಕೂತಾಕಿ ಆಕಿ" ಎಂದು ನೀನು ಸಿಟ್ಟಾದೆ. ಆ ಮಾತಿಗೆ ನನ್ನ ಹತ್ತಿರ ಉತ್ತರ ಇತ್ತು. ಆದರೆ ನೀನು ಸ್ಪೀಕರ್ ಹಾಕಿದ್ದೆ. ನಿನ್ನ ಅತ್ತೆಯವರು ಕೆಮ್ಮಿದ್ದು ಕೇಳಿಸಿತು. ಇಲ್ಲಿ ರೇವತಿ ನನ್ನ ಪಕ್ಕದಲ್ಲೇ ರೊಟ್ಟಿ ಬಡಿಯುತ್ತಿದ್ದಳು. ಚಾರ್ಜ್ ಇಲ್ಲ ಎಂದು ಫೋನ್ ಇಟ್ಟೆ. ಚಾರ್ಜ್ ಇತ್ತು.

ನೀನು ಈ ವಠಾರವನ್ನು ನೋಡಿಲ್ಲ. ಆರು ಕೋಣೆ, ಒಂದು ನಲ್ಲಿ, ಒಂದು ಪಾಯಿಖಾನೆ. ಹಿಂದೆ ತೆರೆದ ಮೋರಿ. ಮುಂದಿನ ಬೀದಿಯ ಕೋಳಿ ಅಂಗಡಿ ತೊಳೆದ ನೀರು ಅದರಲ್ಲೇ ಹರಿಯುತ್ತದೆ. ಭಾನುವಾರ ಪುಕ್ಕ, ಕರುಳಿನ ಚೂರು, ಕೆಂಪು ನೊರೆ ಎಲ್ಲ ನಮ್ಮ ಗೋಡೆಗೆ ತಾಗಿಕೊಂಡೇ ಹೋಗುತ್ತವೆ. ಬಂದ ಮೊದಲ ವಾರ ನಾನು ಸರಿಯಾಗಿ ಉಣ್ಣಲಿಲ್ಲ. ನಿನ್ನ ಅಣ್ಣ ಬಸು ಟೈಲ್ಸ್ ಕೂರಿಸುವ ಕೆಲಸಕ್ಕೆ ಹೋಗುತ್ತಾನೆ, ರೇವತಿ ಇಂದಿರಾನಗರದ ಆಫೀಸಿನಲ್ಲಿ ಹೌಸ್‌ಕೀಪಿಂಗ್. ಅವರ ಮಗ ದತ್ತುವನ್ನು ನೋಡಿಕೊಳ್ಳಲೆಂದೇ ನನ್ನನ್ನು ಕರೆಸಿಕೊಂಡರು. ಹಾಗಾಗಿ ಹೇಸಿಕೊಂಡು ಓಡಿಹೋಗುವಂತಿರಲಿಲ್ಲ.

ನಿನ್ನ ಅವ್ವನ ಸ್ವಭಾವ ನಿನಗೆ ಗೊತ್ತು. ಇನ್ನೊಬ್ಬರು ಕಚ್ಚಿದ ಹಣ್ಣು, ತುಟಿ ತಾಗಿಸಿದ ಲೋಟವನ್ನು ನಾನು ಮುಟ್ಟುವುದಿಲ್ಲ. ನಿಮ್ಮಪ್ಪ ಉಂಡ ತಾಟಿನಲ್ಲಿ ನಾನು ಒಂದು ದಿನವೂ ಉಂಡವಳಲ್ಲ. ಇಲ್ಲಿ ಬಂದ ಮೇಲೆ ಅದು ಇನ್ನೂ ಹೆಚ್ಚಾಯಿತು. ಪಾಯಿಖಾನೆಗೆ ಹೋಗುವ ಮುಂಚೆ ಫಿನಾಯಿಲ್, ಬಂದ ಮೇಲೆ ಫಿನಾಯಿಲ್. ನನ್ನ ಸರದಿಯಲ್ಲಿ ಬಾಗಿಲ ಚಿಲಕವನ್ನೂ ತೊಳೆಯುತ್ತಿದ್ದೆ. ಎದುರು ಕೋಣೆಯ ಸಾಮಿಯಾ ಒಂದು ದಿನ ಬಕೆಟ್ ಹಿಡಿದುಕೊಂಡು ನಿಂತು, "ಅಜ್ಜೀ, ಒಳಗೆ ಬಿಡೋದಕ್ಕೆ ನಂದು ಆಧಾರ್ ಕಾರ್ಡು ತೋರಿಸ್ಬೇಕಾ?" ಎಂದಳು. ವಠಾರವೆಲ್ಲ ನಕ್ಕಿತು. ನಾನು ನಗಲಿಲ್ಲ. ಅವಳ ಮಗ ಅರ್ಸಲಾನ್ ನಮ್ಮ ದತ್ತುವಿಗಿಂತ ಎರಡು ವಾರ ದೊಡ್ಡವನು. ಆ ಹುಡುಗ ನೆಲದ ಮೇಲೆ ಬಿದ್ದದ್ದನ್ನು ಬಾಯಿಗಿಟ್ಟುಕೊಂಡರೆ ಅವಳು ಬೆರಳಲ್ಲಿ ತೆಗೆದು ಮುದ್ದಿಸುವಳು. ನಾನು ದತ್ತುವನ್ನು ಆ ಕಡೆ ಬಿಡುತ್ತಿರಲಿಲ್ಲ. ಅವರ ಮನೆ ಹೊಲಸು ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಅವರ ಮನೆ ನಮ್ಮ ಮನೆಯಷ್ಟೇ ಚೊಕ್ಕ. ನನ್ನ ಕಣ್ಣಿಗೆ ನನ್ನ ಮನೆ ಬಿಟ್ಟು ಎಲ್ಲವೂ ಹೊಲಸೇ.

ಇನ್ನು ನನ್ನ ಕೈಗುಣದ ಮಾತು. ಊರಲ್ಲಿ ನನ್ನನ್ನು ಯಾತಕ್ಕೆ ಕರೆಯುತ್ತಿದ್ದರು ಎಂಬುದು ನಿನಗೆ ನೆನಪಿರಬೇಕು. ಕೂಸಿನ ಎದೆಯಲ್ಲಿ ಕಫ ಗೊರಗೊರ ಅಂದರೆ ಗಂಟಲು ತೆಗೆಯಲು ಶರಣಮ್ಮ ಬರಬೇಕು. ಬೆರಳಿಗೆ ಮೆತ್ತನೆ ಅರಿವೆ ಸುತ್ತಿ, ಔಡಲೆಣ್ಣೆಯಲ್ಲಿ ಅದ್ದಿ, ನಾಲಿಗೆಯ ಬುಡದವರೆಗೆ ತೂರಿಸಿ ಒಮ್ಮೆ ತಿರುವಿದರೆ ಕಫ, ಹಾಲು, ಒಳಗಿದ್ದದ್ದೆಲ್ಲ ಹೊರಗೆ ಬರುತ್ತಿತ್ತು. ಕೂಸು ನೀಲಿಗಟ್ಟಿ ಅಳುತ್ತಿತ್ತು. ಅತ್ತಷ್ಟೂ ಒಳ್ಳೆಯದು ಎನ್ನುತ್ತಿದ್ದೆವು. ಎಷ್ಟು ಕೂಸುಗಳ ಗಂಟಲಿಗೆ ಈ ಬೆರಳು ಹೋಗಿದೆಯೋ! ನಿನ್ನದಕ್ಕೂ ಹೋಗಿದೆ.

ಹೋದ ವರ್ಷ ಮಾರ್ಚ್ ತಿಂಗಳ ಮೊದಲ ಗುರುವಾರ ದತ್ತುವಿಗೆ ಒಂದೂವರೆ ತಿಂಗಳ ಲಸಿಕೆ. ರೇವತಿಗೆ ಆಗ ಮೈಯಲ್ಲಿ ಹುಷಾರಿರಲಿಲ್ಲ. ನಾನೇ ಎತ್ತಿಕೊಂಡು ಅಂಗನವಾಡಿಗೆ ಹೋದೆ. ಒಂದು ಚಿಕ್ಕ ಕೋಣೆ, ಇಪ್ಪತ್ತು ತಾಯಂದಿರು, ಇಪ್ಪತ್ತು ಕೂಸು. ಬೆವರು, ಹಳಸಿದ ಹಾಲು, ಒದ್ದೆ ಬಟ್ಟೆಯ ವಾಸನೆ. ಫ್ಯಾನು ಆ ವಾಸನೆಯನ್ನೇ ಸುತ್ತಿ ಸುತ್ತಿ ನಮ್ಮ ಮುಖಕ್ಕೆ ಹೊಡೆಯುತ್ತಿತ್ತು. ನಮಗಿಂತ ಮುಂದಿದ್ದ ಕೂಸು ಹನಿ ಹಾಕುತ್ತಿದ್ದಂತೆ ಗಳಕ್ಕನೆ ಕಾರಿಕೊಂಡಿತು. ಮೊಸರಿನಂಥ ಗರಣೆ ಅದರ ಗದ್ದದಿಂದ ಇಳಿದು ನರ್ಸು ಹಂಸ ಅವರ ಮೊಣಕೈವರೆಗೆ ಸಿಡಿಯಿತು. ಅವರು ಹತ್ತಿಯಿಂದ ಒರೆಸಿಕೊಂಡು, ಕೈ ತೊಳೆದು ಬಂದು, ಅದೇ ಸೀಸೆ, ಅದೇ ಹನಿ ಕೊಳವೆ ಹಿಡಿದು ನಮ್ಮ ಕಡೆ ತಿರುಗಿದರು.

"ಬ್ಯಾರೆ ಬಾಟ್ಲಿ ತಗೀರಿ" ಎಂದೆ.

"ಒಂದೇ ಬಾಟ್ಲೀಲಿ ಐದು ಮಕ್ಕಳಿಗೆ ಆಗತ್ತಮ್ಮ, ಎಲ್ರಿಗೂ ಇದೇನೆ. ಮಗು ಗಲ್ಲ ಒತ್ತಿ, ಬಾಯಿ ತೆಗೀಲಿ" ಎಂದರು.

ಐದು ಮಕ್ಕಳ ಎಂಜಲು! ಆಮೇಲೆ ನನ್ನ ಕಿವಿಗೆ ಬೇರೇನೂ ಬೀಳಲಿಲ್ಲ. ಆ ಕೊಳವೆಯ ತುದಿಗೆ ಆ ಕೂಸಿನ ಗರಣೆ ಅಂಟಿದೆ ಎಂದೇ ನನಗೆ ಕಾಣಿಸಿತು. ದತ್ತು ಐದು ಹನಿಯನ್ನೂ ಚಪ್ಪರಿಸಿ ನುಂಗಿದ. ತೊಡೆಗೆ ಸೂಜಿ ಹಾಕಿಸಿಕೊಂಡು ಅತ್ತ. ಹಂಸ ಅವರು ಕಾರ್ಡಿನಲ್ಲಿ ಬರೆದು, ಅರ್ಧ ಗಂಟೆ ಕೂತು ಹೋಗಿ ಎಂದರು. ನಾನು ಕೂರಲಿಲ್ಲ. ಅಂಗನವಾಡಿಯ ಹಿಂದಿನ ಗೋಡೆಯ ಹತ್ತಿರ ಹೋಗಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದೆ. ಎಣ್ಣೆ ಇರಲಿಲ್ಲ, ಹಾಗೇ ಹಾಕಿದೆ. ಒಮ್ಮೆ ತಿರುವಿದೆ, ಸಾಲಲಿಲ್ಲ, ಇನ್ನೊಮ್ಮೆ ತಿರುವಿದೆ. ಬಂದಿತು. ಹಾಲು, ಜೊಲ್ಲು, ಹನಿ ಎಲ್ಲ ನನ್ನ ಅಂಗೈಗೆ ಬಂದಿತು. ಗೋಡೆಗೆ ಕೊಡವಿದೆ. ಮಗು ಅಳುವುದಕ್ಕೂ ಶಕ್ತಿಯಿಲ್ಲದೆ ಬಿಕ್ಕುತ್ತಿತ್ತು. ನಾನು ಮಾತ್ರ ಮೊಮ್ಮಗನನ್ನು ಹೊಲಸಿನಿಂದ ಬಿಡಿಸಿದೆನೆಂದು ಹಗುರಾಗಿ ಮನೆಗೆ ನಡೆದೆ.

ಮುಂದಿನ ತಿಂಗಳ ಗುರುವಾರವೂ ಹಾಗೇ ಮಾಡಿದೆ. ಅದರ ಮುಂದಿನದಕ್ಕೂ ಹಾಗೇ. ಆಗ ರೇವತಿ ಕೆಲಸಕ್ಕೆ ಸೇರಿಯಾಗಿತ್ತು. "ಅತ್ತಿ, ಹನಿ ಹಾಕಿದ್ರಾ?" ಎಂದು ಎರಡು ಸಲವೂ ಆಫೀಸಿನಿಂದ ಫೋನ್ ಮಾಡಿ ಕೇಳಿದಳು. "ಹಾಕಿದ್ರವ" ಎಂದೆ. ಅದು ಸುಳ್ಳಲ್ಲ ಎಂದು ನನ್ನನ್ನು ನಾನೇ ಒಪ್ಪಿಸಿಕೊಂಡೆ. ಅವರು ಹಾಕಿದ್ದು ನಿಜವಲ್ಲವೇ? ಪೋಲಿಯೊ ಹನಿಯೂ ಇದರ ಜೊತೆಗೇ ಗೋಡೆಗೆ ಹೋಯಿತು. ಅದಕ್ಕೆ ಸೂಜಿಯೂ ಇದೆಯಂತೆ. ಆ ಮಟ್ಟಿಗೆ ಮಗು ಪಾರಾಯಿತು. ಭೇದಿಯದಕ್ಕೆ ಸೂಜಿ ಇಲ್ಲ. ಹನಿಯೊಂದೇ.

ಈಗ ಜನವರಿಗೆ ಬರುತ್ತೇನೆ. ಸಂಕ್ರಾಂತಿ ಮುಗಿದು ಹತ್ತು ದಿನವಾಗಿತ್ತು. ಮೊದಲು ಅರ್ಸಲಾನ್‌ಗೆ ಬಂತು. ಎರಡು ದಿನ ಅವನಿಗೆ ನೀರಿನಂತೆ ಹೋಯಿತು, ಎರಡು ಸಲ ವಾಂತಿ. ಸಾಮಿಯಾ ಏನೋ ಪುಡಿ ಕದಡಿದ ನೀರನ್ನು ಚಮಚದಲ್ಲಿ ಕುಡಿಸುತ್ತಿದ್ದಳು. ಆ ಹುಡುಗ ನಡುನಡುವೆ ಎದ್ದು ಬಕೆಟ್ಟು ಬಾರಿಸುತ್ತಿದ್ದ. ನಾನು ಬಾಗಿಲು ಮುಚ್ಚಿದೆ. ನಲ್ಲಿಯ ಹತ್ತಿರದ ಕಲ್ಲಿನ ಮೇಲೆ ಅವನ ಬಟ್ಟೆ ಒಗೆದಳೆಂದು ಆ ಕಲ್ಲನ್ನು ಮೂರು ಸಲ ತೊಳೆದೆ. ಅವಳಿಗೆ ಕೇಳಿಸುವಂತೆಯೇ, "ಹೊಲಸು ಮಂದಿಗೆ ಹೊಲಸು ಬ್ಯಾನಿ" ಎಂದೆ. ಅವಳು ಬಟ್ಟೆ ಹಿಂಡಿಕೊಂಡು ಒಳಗೆ ಹೋದಳು.

ಮೂರನೇ ದಿನ ಬೆಳಿಗ್ಗೆ ನಮ್ಮ ದತ್ತು ನಾನು ತಿನ್ನಿಸಿದ ರಾಗಿ ಗಂಜಿಯನ್ನು ನನ್ನ ಎದೆಯ ಮೇಲೇ ಕಾರಿದ. ಎರಡನೇ ಸಲ ಮೂಗಿನಿಂದಲೂ ಬಂತು. ಮಧ್ಯಾಹ್ನದ ಹೊತ್ತಿಗೆ ಭೇದಿ ಶುರುವಾಯಿತು. ನನ್ನ ಇಷ್ಟು ವಯಸ್ಸಿನಲ್ಲಿ ಎಷ್ಟೋ ಮಕ್ಕಳ ತಿಕ ತೊಳೆದಿದ್ದೇನೆ, ಪ್ರತಿಭಾ. ಇಂಥದನ್ನು ಕಂಡಿರಲಿಲ್ಲ. ಹಳದಿ ಹಸಿರು ನೀರು, ಪಿಚಕಾರಿಯಂತೆ ಹಾರಿ ಹಾಸಿಗೆ ದಾಟಿ ಗೋಡೆಗೆ ಬಡಿಯಿತು. ಒಡೆದ ಮೊಟ್ಟೆಯೂ ಹುಳಿ ಮಜ್ಜಿಗೆಯೂ ಸೇರಿ ಕೊಳೆತಂಥ ವಾಸನೆ. ಒರೆಸಿ ಮುಗಿಯುವಷ್ಟರಲ್ಲಿ ಮತ್ತೆ. ಚಾಪೆಯ ಎಳೆಎಳೆಯೊಳಗೆ ಇಳಿಯಿತು, ನನ್ನ ಸೀರೆಯ ನೆರಿಗೆಯೊಳಗೆ ಇಳಿಯಿತು, ಉಗುರಿನ ಸಂದಿಯಲ್ಲಿ ಉಳಿಯಿತು. ನಾನು ತೊಳೆದೇ ತೊಳೆದೆ. ಮಗುವಿಗಿಂತ ಹೆಚ್ಚು ಹೊತ್ತು ನೆಲವನ್ನು ನೋಡಿದೆ. ಇದನ್ನು ಬರೆಯುವಾಗ ನನಗೆ ನನ್ನ ಮೇಲೆ ಉಗುಳಬೇಕೆನಿಸುತ್ತದೆ: ಮಗುವಿಗೆ ಬಾಯಿ ಒಣಗಿ ನಾಲಿಗೆ ಅಂಟುತ್ತಿದ್ದಾಗ ನಾನು ಫಿನಾಯಿಲ್ ಬಾಟಲಿ ಹುಡುಕುತ್ತಿದ್ದೆ.

ನೀರನ್ನೂ ನಿಲ್ಲಿಸಿದೆ. ಕುಡಿಸಿದಷ್ಟೂ ಹೋಗುತ್ತದೆ, ಹೊಟ್ಟೆ ಒಣಗಲಿ ಎಂದು. ಸಾಮಿಯಾ ಬಾಗಿಲು ತಟ್ಟಿದಳು. ಒಂದು ಲೋಟ ಹಿಡಿದಿದ್ದಳು. "ಅಜ್ಜೀ, ನೀರು ನಿಲ್ಲಿಸ್ಬೇಡಿ. ಇದು ಓಆರ್‌ಎಸ್ಸು, ಹಂಸಾ ಮೇಡಂ ಕೊಟ್ಟಿರೋದು. ಚಮಚದಲ್ಲಿ ಥೋಡಾ ಥೋಡಾ ಹಾಕಿ. ವಾಂತಿ ಮಾಡಿದ್ರೂ ಹಾಕ್ತಾನೇ ಇರಿ" ಎಂದಳು. ಆ ಲೋಟದ ಅಂಚಿನಲ್ಲಿ ಪುಡಿ ಅಂಟಿತ್ತು. ಅರ್ಸಲಾನ್ ಕುಡಿದು ಮಿಕ್ಕಿದ್ದು ಎಂದು ನನಗೆ ಅನಿಸಿತು. "ನಿಮ್ಮನಿ ಲೋಟ ನಮಗ ಬ್ಯಾಡವ" ಎಂದು ಬಾಗಿಲು ಹಾಕಿದೆ. ಮಿಕ್ಕಿದ್ದಲ್ಲ, ಅವಳು ಹೊಸದಾಗಿ ಕದಡಿ ತಂದಿದ್ದಳು.

ಸಂಜೆ ರೇವತಿ ಬಂದು ಮಗುವನ್ನು ಎತ್ತಿದಳು. ಕುತ್ತಿಗೆ ನಿಲ್ಲಲಿಲ್ಲ. ಕಣ್ಣು ಗುಳಿಬಿದ್ದಿತ್ತು. ಅಳುತ್ತಿತ್ತು, ಕಣ್ಣೀರು ಬರುತ್ತಿರಲಿಲ್ಲ. "ಉಚ್ಚಿ ಯಾವಾಗ ಹೊಯ್ದಾನ್ರಿ ಅತ್ತಿ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಅವಳು ಹಾಗೇ ಹೊರಗೆ ಓಡಿದಳು. ಸಾಮಿಯಾಳ ಗಂಡ ಮುದಸ್ಸಿರ್ ಆಟೊ ಓಡಿಸುತ್ತಾರೆ. ಆಗ ತಾನೇ ಬಂದು ಚಹಾ ಕುಡಿಯುತ್ತಿದ್ದರು. ಲೋಟ ಇಟ್ಟು ಆಟೊ ತಿರುಗಿಸಿದರು. ಹಲಸೂರಿನ ಸಿಗ್ನಲ್ಲಿನಲ್ಲಿ ನಿಂತಾಗ ದತ್ತು ಅವರ ಸೀಟಿನ ಮೇಲೆ, ಬೆನ್ನ ಹಿಂದಿನ ರೆಕ್ಸಿನ್ ಮೇಲೆ, ಪ್ಲಾಸ್ಟಿಕ್ ಚಾಪೆಯ ಮೇಲೆ ಎಲ್ಲ ಕಡೆ ಹೋದ. ನಾನು ಮುಖ ಮುಚ್ಚಿಕೊಂಡೆ. "ಇರ್ಲಿ ಬಿಡಿ ಅಜ್ಜಿ, ಗಾಡಿ ತಾನೆ, ತೊಳೆದ್ರೆ ಹೋಗುತ್ತೆ. ಮಗು ಕಣ್ಣು ಬಿಟ್ಟಿದಾನಾ ನೋಡ್ತಾ ಇರಿ" ಎಂದರು ಅವರು. ಅವರೇ ಎರಡು ದಿನದ ಹಿಂದೆ ನನ್ನ ಬಾಯಲ್ಲಿ ಹೊಲಸು ಮಂದಿ.

ಸರ್ಕಾರಿ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನಾಲ್ಕು ದಿನ. ಮೊದಲ ದಿನ ಕೈಯಲ್ಲಿ ನರ ಸಿಗಲಿಲ್ಲ. ಚುಚ್ಚಿದರು, ತೆಗೆದರು, ಕಾಲಿಗೆ ಚುಚ್ಚಿದರು. ಅಷ್ಟು ಚುಚ್ಚಿದರೂ ಮಗು ಬರೀ ಬಾಯಿ ತೆರೆಯಿತು, ದನಿ ಬರಲಿಲ್ಲ. ಡಾಕ್ಟರು ಅದರ ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರು; ಅದು ಎದ್ದದ್ದು ಎದ್ದ ಹಾಗೇ ನಿಂತಿತು, ಒದ್ದೆ ಅರಿವೆಯಂತೆ. ಇನ್ನೊಂದೆರಡು ತಾಸು ತಡವಾಗಿದ್ದರೆ ಏನು ಹೇಳಬೇಕಿತ್ತೋ ಗೊತ್ತಿಲ್ಲ ಎಂದರು ಅವರು.

ಆ ವಾರ್ಡನ್ನು ಹೇಗೆ ಹೇಳಲಿ! ಒಂದು ಮಂಚಕ್ಕೆ ಎರಡು ಮಕ್ಕಳು, ಎಲ್ಲವಕ್ಕೂ ಇದೇ. ಬಕೆಟ್ಟು ತುಂಬಿ ನೆಲದ ಮೇಲೆ ಹರಿದ ವಾಂತಿಯನ್ನು ದಾಟಿ ದಾಟಿ ತಾಯಂದಿರು ಬಿಸಿನೀರಿಗೆ ಹೋಗುತ್ತಿದ್ದರು. ನಮ್ಮ ಪಕ್ಕದ ಮಗು ಒಳ್ಳೆಯ ಮನೆಯದು. ಅದರ ತಾಯಿ ಹೊರಮಾವಿನ ಅಪಾರ್ಟ್‌ಮೆಂಟಿನವಳಂತೆ, ಖಾಸಗಿಯಲ್ಲಿ ಜಾಗ ಸಿಗದೆ ಬಂದಿದ್ದಳು. ಅವಳ ಮನೆಯಲ್ಲಿ ಕುದಿಸಿ ಸೋಸಿದ ನೀರೇ ಕುಡಿಯುವುದು. ಅದಕ್ಕೂ ಹನಿ ತಪ್ಪಿತ್ತು. ಅವರು ಮನೆ ಬದಲಾಯಿಸುವ ಗಡಿಬಿಡಿಯಲ್ಲಿ ಮರೆತಿದ್ದರಂತೆ. ನನ್ನ ಫಿನಾಯಿಲ್ಲಿನ ಅಹಂಕಾರ ಅಲ್ಲೇ ಅರ್ಧ ಇಳಿಯಿತು.

ಡಾಕ್ಟರು ಕಾರ್ಡು ಕೇಳಿದರು. ರೋಟಾ ಎಂಬ ವೈರಸ್ ಇರಬೇಕು, ಹನಿ ಹಾಕಿಸಿದ್ದೀರಾ ಎಂದರು. ರೇವತಿ ಕಾರ್ಡು ತೆರೆದು ತೋರಿಸಿದಳು. ಮೂರು ತಾರೀಖು, ಮೂರು ಸಹಿ. "ಮೂರೂ ಆಗಿದೆ ಸಾರ್. ನಮ್ಮ ಅತ್ತೆಯವರೇ ಹೋಗಿ ಹಾಕ್ಸಿದಾರೆ, ಕೇಳಿ ಬೇಕಾದ್ರೆ" ಎಂದು ನನ್ನ ಕಡೆ ತಿರುಗಿದಳು. ಡಾಕ್ಟರು ನನ್ನನ್ನು ನೋಡಿದರು. ನಾನು ತಲೆ ಆಡಿಸಿದೆ. ಅವರು ಹುಬ್ಬು ಗಂಟಿಕ್ಕಿ, ಹಾಕಿಸಿದ ಮೇಲೂ ಕೆಲವು ಮಕ್ಕಳಿಗೆ ಬರುತ್ತದೆ, ಆದರೆ ಇಷ್ಟು ಜೋರಾಗಿ ಬರುವುದು ಕಡಿಮೆ ಎಂದು ಬರೆದುಕೊಂಡು ಹೋದರು. ಅಷ್ಟು ಹೊತ್ತೂ ನನ್ನ ಬಲಗೈ ಸೆರಗಿನೊಳಗೆ ಇತ್ತು.

ಮಗು ಉಳಿಯಿತು. ಮನೆಗೆ ಬಂದ ವಾರದಲ್ಲಿ ಹಂಸ ಅವರು ವಿಚಾರಿಸಲು ವಠಾರಕ್ಕೆ ಬಂದರು. ರೇವತಿ ಅವರನ್ನು ನಲ್ಲಿಯ ಹತ್ತಿರವೇ ತಡೆದಳು. ಎಲ್ಲರ ಎದುರಿಗೆ, "ಏನ್ ಹಾಕ್ತೀರಿ ಮೇಡಂ ಮಕ್ಕಳ ಬಾಯಿಗೆ? ನಲ್ಲಿ ನೀರಾ? ಔಷಧಿ ಯಾರಿಗ್ ಮಾರ್ಕೊಂಡ್ರಿ?" ಎಂದಳು. ಹಂಸ ಅವರ ಮುಖ ಕಪ್ಪಿಟ್ಟಿತು. ಇಪ್ಪತ್ತು ವರ್ಷದ ನೌಕರಿಯಲ್ಲಿ ಹೀಗೆ ಯಾರೂ ಕೇಳಿರಲಿಲ್ಲವಂತೆ. "ಸೀಸೆ ನಂಬರ್ ಸಮೇತ ರಿಜಿಸ್ಟರಲ್ಲಿದೆಯಮ್ಮ, ಬಂದು ನೋಡು" ಎಂದಷ್ಟೇ ಹೇಳಿ, ಚೀಲದ ಬಾಯಿ ಮುಚ್ಚಿಕೊಂಡು ಹೊರಟರು. ನಾನು ಬಾಗಿಲ ಹಿಂದೆ ನಿಂತು ಕೇಳಿದೆ. ಬಾಯಿ ಬಿಡಲಿಲ್ಲ. ಆ ಮೋರಿಯಲ್ಲಿ ಹರಿಯುವ ಯಾವ ಹೊಲಸೂ ಆ ಗಳಿಗೆಯ ನನ್ನಷ್ಟು ನಾರುವುದಿಲ್ಲ.

ಎರಡು ದಿನ ಬಿಟ್ಟು ನಾನೊಬ್ಬಳೇ ಅಂಗನವಾಡಿಗೆ ಹೋದೆ. ಹಂಸ ಅವರು ಲಸಿಕೆಯ ಐಸ್ ಡಬ್ಬಿ ಕಟ್ಟುತ್ತಿದ್ದರು. ಸುತ್ತಿ ಬಳಸಿ ಕೇಳಿದೆ: ಆ ಕೊಳವೆ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋದರೆ ಎಂಜಲಲ್ಲವೇ?

"ಎಲ್ಲಿ ಹೋಗುತ್ತೆ ಅಮ್ಮ? ಬಾಯಿಗೆ ತಾಗಿಸೋದೇ ಇಲ್ಲ. ಮೇಲಿಂದ ಬೀಳಿಸ್ತೀವಿ. ಅಪ್ಪಿತಪ್ಪಿ ತಾಗಿದ್ರೆ ಅದನ್ನ ಎತ್ತಿ ಬಿಸಾಕಿ ಹೊಸದು ತಗೋತೀವಿ. ಇಪ್ಪತ್ತು ವರ್ಷ ಇದನ್ನೇ ಮಾಡಿರೋದು" ಎಂದರು.

"ಹನಿ ಹಾಕಿದ ಮ್ಯಾಲ ಯಾರರ ಕೂಸಿನ ಗಂಟಲ ತಗದ್ರ?" ಎಂದೆ.

"ಗಂಟಲು ತೆಗೆಯೋದು ಅಂದ್ರೆ?"

ಗಾಳಿಯಲ್ಲೇ ಬೆರಳು ತಿರುವಿ ತೋರಿಸಿದೆ. ಅವರ ಕೈ ಡಬ್ಬಿಯ ಮೇಲೆ ನಿಂತುಬಿಟ್ಟಿತು. "ಅಯ್ಯೋ, ಗಂಟಲು ಗಾಯ ಆಗುತ್ತಲ್ಲಮ್ಮ! ವಾಂತಿ ಶ್ವಾಸಕ್ಕೆ ಹೋದ್ರೆ ಮಗುನೇ ಹೋಗುತ್ತೆ. ಆಗಿಂದಾಗ್ಲೇ ಹಾಗೆ ಮಾಡಿದ್ರೆ ಹನಿ ಹೊಟ್ಟೇಲಿ ಎಲ್ಲಿ ನಿಲ್ಲುತ್ತೆ? ಯಾರು ಮಾಡಿದ್ದು?"

"ನಮ್ಮೂರ ಕಡೀ ಯಾರೋ ಒಬ್ರು" ಎಂದೆ. ಅವರು ನನ್ನನ್ನೇ ನೋಡಿದರು. ನಂತರ ಮೆತ್ತಗೆ, ಮಕ್ಕಳಿಗೆ ಹೇಳುವ ಹಾಗೆ ಹೇಳಿದರು: ಕೈ ತೊಳೆಯುವುದು, ನೀರು ಕುದಿಸುವುದು ಎಲ್ಲವೂ ಬೇಕು. ಆದರೆ ಈ ರೋಗ ಅಷ್ಟಕ್ಕೇ ನಿಲ್ಲುವುದಿಲ್ಲ. ಚೂರು ಅಂಟಿದರೂ ಸಾಕು, ತೊಳೆದ ಮನೆಗೂ ಬರುತ್ತದೆ. ಒಂದೂವರೆ ತಿಂಗಳು, ಎರಡೂವರೆ ತಿಂಗಳು, ಮೂರೂವರೆ ತಿಂಗಳಿಗೆ ಹನಿ ಬಿದ್ದರೆ, ಬಂದರೂ ಅರ್ಸಲಾನ್‌ಗೆ ಬಂದಂತೆ ಬಂದು ಹೋಗುತ್ತದೆ. ದತ್ತುವಿಗೆ ಈಗ ಹಾಕಬಹುದೇ ಎಂದು ನಾನು ಕೇಳಿಬಿಟ್ಟೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ವರ್ಷ ತುಂಬಿದ ಮೇಲೆ ಶುರು ಮಾಡುವುದಿಲ್ಲ ಎಂದರು. ದತ್ತುವಿಗೆ ಯಾಕೆ ಎಂದು ಅವರು ಕೇಳಲಿಲ್ಲ. ಅವರಿಗೆ ತಿಳಿದಿದೆ, ಪ್ರತಿಭಾ. ತಿಳಿದೂ ವಠಾರಕ್ಕೆ ಬಂದು ಬಾಯಿ ಮಾಡಲಿಲ್ಲ.

ಇದು ನಿನ್ನ ಅತ್ತಿಗೆಗೆ ಗೊತ್ತಿಲ್ಲದ ಅರ್ಧ. ಹನಿ ಕೈಕೊಡಲಿಲ್ಲ. ದತ್ತುವಿನ ಹೊಟ್ಟೆಗೆ ಅದು ಮೂರು ಸಲವೂ ಹೋಗಿ ನಿಲ್ಲಲೇ ಇಲ್ಲ. ನಿಲ್ಲಲು ಬಿಡದವಳು ನಾನು. ನನ್ನ ಮುಚ್ಚುಮರೆಯಿಂದ ನಿನ್ನ ಕೂಸೂ ಅದನ್ನು ಕಳೆದುಕೊಂಡರೆ, ಆ ವಾರ್ಡಿನ ಮಂಚದ ಮೇಲೆ ಮಲಗಿದರೆ, ನನಗೆ ಇನ್ನು ಯಾವ ನೀರು ಸಾಲುತ್ತದೆ ತೊಳೆದುಕೊಳ್ಳಲು?

ಅದಕ್ಕೇ ಕೈಮುಗಿದು ಕೇಳುತ್ತೇನೆ. ಇಪ್ಪತ್ತೇಳಕ್ಕೆ ನೀನೇ ಎತ್ತಿಕೊಂಡು ಹೋಗು. ಹನಿ ಹಾಕಿಸು. ಮುಂದಿನ ಎರಡನ್ನೂ ತಪ್ಪಿಸಬೇಡ. ಗಂಟಲು ತೆಗೆಯಲು ಯಾರನ್ನೂ ಕರೆಯಬೇಡ, ನಾನೇ ಬಂದರೂ ಕೊಡಬೇಡ. ಭೇದಿ ಆದರೆ ನೀರು ನಿಲ್ಲಿಸಬೇಡ, ಎದೆಹಾಲು ನಿಲ್ಲಿಸಬೇಡ. ಆ ಪುಡಿ ಕದಡಿ ಚಮಚ ಚಮಚ ಹಾಕು, ತಡ ಮಾಡದೆ ಡಾಕ್ಟರ ಹತ್ತಿರ ಓಡು.

ಒಂದೇ ಒಂದನ್ನು ನನಗಾಗಿ ಮಾಡು. ರೇವತಿಗೆ ಹೇಳಬೇಡ. ಹೇಳಿದರೆ ಅವಳು ದತ್ತುವನ್ನು ನನ್ನ ಕೈಗೆ ಕೊಡುವುದಿಲ್ಲ. ಬಸು ನನ್ನನ್ನು ಊರಿನ ಬಸ್ಸು ಹತ್ತಿಸುತ್ತಾನೆ. ಆ ಮಗು ಬೆಳಿಗ್ಗೆ ಎದ್ದ ಕೂಡಲೇ ನನ್ನ ಮೂಗು ಹಿಡಿಯುತ್ತದೆ. ಅದನ್ನು ಬಿಟ್ಟು ನಾನು ಇರಲಾರೆ. ಓದಿದ ಮೇಲೆ ಈ ಕಾಗದವನ್ನು ಒಲೆಗೆ ಹಾಕು. ನಾಳೆ ಸಂಜೆ ಮಾನಪ್ಪ ಊರಿಗೆ ಹೊರಟಿದ್ದಾನೆ. ಮೂಲೆ ಕೋಣೆಗೆ ಹೊಸದಾಗಿ ಬಂದ ಸುರಪುರದ ಕಡೆಯವರು ಅವರು, ಅವನ ಹೆಂಡತಿ ಪೀರಮ್ಮ ಇಲ್ಲೇ ಹೆತ್ತಳು. ನಿಮ್ಮ ಮುದಗಲ್ ಮೇಲೆಯೇ ಹೋಗುವುದರಿಂದ ಬಸ್‌ಸ್ಟ್ಯಾಂಡಿನಲ್ಲಿ ನಿನ್ನ ಗಂಡನ ಕೈಗೆ ಕೊಡುತ್ತೇನೆ ಎಂದಿದ್ದಾನೆ. ಗೋಂದು ಹಚ್ಚಿ ಕಳಿಸುತ್ತಿದ್ದೇನೆ.

ನಿನ್ನಿಂದ 'ಅವ್ವ' ಎಂದು ಕರೆಸಿಕೊಳ್ಳಲು ನಾಚುತ್ತಿರುವ,
ಶರಣಮ್ಮ

ಮತ್ತೆ ಬರೆದದ್ದು, ಗುರುವಾರ ಮಧ್ಯಾಹ್ನ:

ಗೋಂದು ಬಿಚ್ಚಿದ ಕಾಗದಕ್ಕೇ ಇದನ್ನು ಸೇರಿಸುತ್ತಿದ್ದೇನೆ. ನಿನ್ನೆ ಸಂಜೆ ಕಾಗದ ಮಡಚಿ ಹೊರಗೆ ಬಂದರೆ ಪೀರಮ್ಮ ತನ್ನ ನಲವತ್ತೈದು ದಿನದ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ನಾಳೆ ಲಸಿಕೆಗೆ ಹೋಗಬೇಕೋ ಬೇಡವೋ ಎಂದು ಕೇಳುತ್ತಿದ್ದಳು. ರೇವತಿ ನಿನಗೆ ಹೇಳಿದ್ದನ್ನೇ ಅವಳಿಗೂ ಹೇಳುತ್ತಿದ್ದಳು. "ನಮ್ಮ ಹುಡುಗನ್ನ ನೋಡಿ ಕಲಿ. ಬರೇ ನೀರು." ಸಾಮಿಯಾ, "ಹಾಗಲ್ಲ, ನಮ್ಮ ಅರ್ಸಲಾನ್ ನೋಡು" ಎಂದರೆ, "ನಿಮ್ದು ನಸೀಬು ಚೆನ್ನಾಗಿತ್ತು ಬಿಡ್ರಿ" ಎಂದಳು. ಪೀರಮ್ಮ, "ಹಂಗಾದ್ರ ಬ್ಯಾಡ ಬಿಡಕ್ಕ, ಸುಮ್ನ ಯಾಕ" ಎಂದು ಏಳಲು ಹೋದಳು.

ನಿನಗೆ ಮಾತ್ರ ಹೇಳಿ ಆ ಕೂಸಿಗೆ ಹೇಳದೆ ಇರುವುದು ಹೇಗೆ? ಅವರನ್ನು ಕೂರಿಸಿ, ಗೋಂದು ಬಿಚ್ಚಿ, ಮೂವರ ಮುಂದೆ ಈ ಕಾಗದವನ್ನು ಮೊದಲಿಂದ ಓದಿದೆ. ಅಂಗನವಾಡಿಯ ಗೋಡೆಯ ಮಾತಿಗೆ ಬಂದಾಗ ರೇವತಿ ಎದ್ದು ನಿಂತಳು. ಅವಳಿಗೆ ಹೇಳಬೇಡ ಎಂದು ಬರೆದ ಸಾಲನ್ನೂ ಬಿಡದೆ ಓದಿದೆ. ಅವಳು ಹಿತ್ತಲಿಗೆ ಹೋಗಿ ಮೋರಿಯ ಮೇಲೆ ಬಗ್ಗಿ ವಾಂತಿ ಮಾಡಿಕೊಂಡಳು.

ಇವತ್ತು ಬೆಳಿಗ್ಗೆ ಪೀರಮ್ಮ ಕಾರ್ಡು ಹಿಡಿದು ಹೊರಟಳು, ಹನ್ನೊಂದಕ್ಕೆ ಹನಿ ಹಾಕಿಸಿಕೊಂಡು ಬಂದಳು. ನನ್ನ ಬಾಗಿಲು ದಾಟುವಾಗ ಕೂಸಿನ ಬಾಯಿಯ ಮೇಲೆ ಅಂಗೈ ಮುಚ್ಚಿಕೊಂಡಿದ್ದಳು. ರೇವತಿ ಅವಳಿಗಿಂತ ಮುಂಚೆ ಮಿಂದು, ಅಂಗನವಾಡಿಗೆ ಹೋಗಿ, ಹಂಸ ಅವರ ಮುಂದೆ ಕೈಮುಗಿದು ಬಂದಳಂತೆ, ಸಾಮಿಯಾ ಹೇಳಿದಳು. ಆಮೇಲೆ ದತ್ತುವನ್ನು ಎತ್ತಿಕೊಂಡು, ಅವನ ಬಟ್ಟೆ, ಗಂಜಿ ಡಬ್ಬಿ, ಚಮಚ ಎಲ್ಲ ಒಂದು ಚೀಲಕ್ಕೆ ಹಾಕಿ, ನನ್ನ ಮುಂದೆಯೇ ನಡೆದುಹೋಗಿ ಸಾಮಿಯಾಳ ಕೈಗೆ ಮಗುವನ್ನು ಕೊಟ್ಟು ಕೆಲಸಕ್ಕೆ ಹೋದಳು.